ಹನ್ನೆರಡನೇ ಮನೆಯ ಮೀಟರು

ಏಳನೆಯ ಕಂತು

“ಇನ್ನೊಂದ್ಸಲ ನೋಡಿ ಅಕ್ಕ,” ಎಂದಳು ಗಾಜಿನವನ ಹೆಂಡತಿ.

ಆಗಲೇ ನಾಲ್ಕು ಸಲ ನೋಡಿದ್ದೆ. ಅಡುಗೆಮನೆಯ ಕಿಟಕಿ ಪಕ್ಕದ ಗೋಡೆಯಲ್ಲಿ ಗೇಣುದ್ದದ ಬಿಳಿ ಮೀಟರು, ಅದರ ಸಣ್ಣ ಪರದೆಯಲ್ಲಿ ಅರವತ್ತೊಂದು. ಐದನೇ ಸಲ ನೋಡಿದಾಗಲೂ ಅರವತ್ತೊಂದೇ.

ಕಿಟಕಿಯಿಂದ ಹತ್ತು ಹೆಜ್ಜೆಗೆ ಕಂಪನಿಯ ಕಾಂಪೌಂಡು. ಅದರಾಚೆ ಒಂದೂ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಲೋಕದ ಜನ ಫೋನಿನಲ್ಲಿ ತೆಗೆದ ಫೋಟೋಗಳನ್ನೆಲ್ಲ ಅದರೊಳಗಿನ ಕಂಪ್ಯೂಟರುಗಳು ಕಾದಿಡುತ್ತವಂತೆ. ಓಣಿಯವರು ಅದಕ್ಕೆ ಗೋದಾಮು ಎಂದಷ್ಟೇ ಹೇಳುತ್ತಾರೆ. ಕಂಪ್ಯೂಟರು ಬಿಸಿಯಾಗದಿರಲೆಂದು ಚಾವಣಿಯ ಮೇಲೆ ನಲವತ್ತು ಫ್ಯಾನುಗಳು ಹಗಲಿರುಳೂ ತಿರುಗುತ್ತವೆ. ಆ ಸದ್ದು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಹಲ್ಲಿನ ಬುಡಕ್ಕೆ ಇಳಿಯುತ್ತದೆ. ಹದಿನಾಲ್ಕು ತಿಂಗಳಿಂದ ಓಣಿಯ ಹನ್ನೆರಡು ಮನೆಗಳು ಅದರಲ್ಲೇ ಉಂಡು, ಅದರಲ್ಲೇ ಮಲಗುತ್ತಿವೆ.

ನಿನ್ನೆ ಸಂಜೆ ಪೊಲೀಸರು ಗಾಜಿನವನನ್ನು ಕರೆದೊಯ್ದಿದ್ದರು. ಗಾಜು ಉಜ್ಜುವ ಮಿಷನ್ನನ್ನು ಮೀಟರಿನ ಮುಂದೆ ಓಡಿಸಿ ಸುಳ್ಳು ಸಂಖ್ಯೆ ಬರೆದಿದ್ದಾನೆ ಎಂಬುದು ಕಂಪನಿಯ ದೂರು. ಅವನು ಮನೆಗೆ ಬರುತ್ತಾನೋ ಜೈಲಿಗೆ ಹೋಗುತ್ತಾನೋ ಎಂಬುದನ್ನು ನಾಳೆ ಬೆಳಗ್ಗೆ ಹನ್ನೊಂದಕ್ಕೆ ನ್ಯಾಯಾಧೀಶರು ಹೇಳಲಿದ್ದರು.

ಕಂಪನಿಗೆ ಈ ಗೋದಾಮಿನ ಪಕ್ಕದಲ್ಲೇ ಇನ್ನೊಂದನ್ನು ಕಟ್ಟಬೇಕಿದೆ. ಮನೆಗಳಲ್ಲಿ ಸದ್ದು ಐವತ್ತೈದು ಡೆಸಿಬೆಲ್ ದಾಟಿದರೆ ಅನುಮತಿಯಿಲ್ಲ. “ನಾವು ಅಳೆದರೆ ನೀವು ನಂಬುವುದಿಲ್ಲ, ನೀವೇ ಅಳೆಯಿರಿ” ಎಂದು ಕಂಪನಿ ದೊಡ್ಡ ಮನಸ್ಸು ಮಾಡಿ ಮನೆಗೊಂದು ಮೀಟರು, ಮನೆಗೊಂದು ಪುಸ್ತಕ ಕೊಟ್ಟಿತು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಮನೆಯವರೇ ಸಂಖ್ಯೆ ನೋಡಿ, ಬರೆದು, ಸಹಿ ಹಾಕಬೇಕು. ಪುಸ್ತಕದಲ್ಲಿ ಇದ್ದದ್ದೇ ಪ್ರಮಾಣ. ಹನ್ನೊಂದು ಮನೆಯ ಪುಸ್ತಕಗಳಲ್ಲಿ ನಲವತ್ತೈದು, ನಲವತ್ತಾರು, ನಲವತ್ತೇಳು. ಹನ್ನೆರಡನೆಯದಾದ ಗಾಜಿನವನ ಮನೆಯದರಲ್ಲಿ ಮಾತ್ರ ಅರವತ್ತೊಂದು, ಅರವತ್ತೆರಡು.

ಹಾಗಾಗಿ ಸುಳ್ಳುಗಾರ ಯಾರೆಂದು ಕಂಪನಿ ಹುಡುಕಬೇಕಾಗಲಿಲ್ಲ. ಓಣಿಯೇ ಬೆರಳು ತೋರಿಸಿತು.

“ಇದರ ಫೋಟೋ ತೆಗೆದು ನಾಳೆ ತೋರಿಸಿದ್ರೆ ಆಗಲ್ವಾ?” ಎಂದು ಅವಳು ಕೇಳಿದಳು.

ಫೋಟೋದಲ್ಲಿ ಸಂಖ್ಯೆ ಕಾಣುತ್ತದೆ, ಸದ್ದು ಎಲ್ಲಿಂದ ಬಂತೆಂಬುದು ಕಾಣುವುದಿಲ್ಲ, ಇನ್ನೊಂದು ಮಿಷನ್ ಓಡಿಸಿದಿರಿ ಎನ್ನುತ್ತಾರೆ ಎಂದು ಹೇಳಿದೆ. ಅವಳು ತಲೆಯಾಡಿಸಿ ಮಗುವಿಗೆ ಹಾಲು ತರಲು ಎದ್ದಳು. ಏಳು ತಿಂಗಳ ಕೂಸು. ಹುಟ್ಟಿದಾಗಿನಿಂದ ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿದ್ದನ್ನು ಯಾರೂ ನೋಡಿಲ್ಲ. ತಾಯಿಯ ಕಣ್ಣ ಕೆಳಗಿನ ಕಪ್ಪು ನೋಡಿದರೆ ಅವಳೂ ಮಾಡಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇವತ್ತೇ ಓದಲು ಶುರು ಮಾಡಿದವರಿಗಾಗಿ. ವಿದ್ಯುತ್ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಮನೆಮನೆ ತಿರುಗಿ ಮೀಟರು ಓದಿದವಳು ನಾನು. ಅಯಸ್ಕಾಂತ ಅಂಟಿಸುವವರು, ಸೂಜಿ ಚುಚ್ಚುವವರು, ಹಿತ್ತಲಿಂದ ತಂತಿ ಎಳೆಯುವವರು, ನಾಯಿ ಬಿಟ್ಟು ಓಡಿಸುವವರು, ಎಲ್ಲರನ್ನೂ ಕಂಡಿದ್ದೇನೆ. ಆ ವಿದ್ಯೆಯನ್ನೇ ನಂಬಿ ನಿವೃತ್ತಿಯಾದ ಮೇಲೆ ಪತ್ತೇದಾರಿಕೆಗೆ ಇಳಿದೆ. ಜನ ಮೀಟರಮ್ಮ ಎನ್ನುತ್ತಾರೆ. ಬೇರೆ ಹೆಸರು ಇತ್ತೆಂಬುದು ನನಗೇ ಮರೆತುಹೋಗುವಷ್ಟಾಗಿದೆ.

ಕಂಪನಿಯ ದೂರು ಬಿದ್ದಾಗಿನಿಂದ, ಮೂರು ದಿನ, ಆ ಹನ್ನೊಂದು ಮೀಟರುಗಳನ್ನು ಜಾಲಾಡಿದ್ದೆ. ಸೀಲು ಒಡೆದಿರಲಿಲ್ಲ, ತಿರುಪು ಸಡಿಲವಾಗಿರಲಿಲ್ಲ. ನಾಲ್ಕನೇ ಮನೆಯ ಕ್ಷೌರದವನ ಮೇಲೆ ಒಂದು ಕಣ್ಣಿಟ್ಟಿದ್ದೆ, ಗಾಜಿನವನನ್ನು ಕಳ್ಳನೆಂದು ಮೊದಲು ಬಾಯಿ ಮಾಡಿದವನು ಅವನೇ. ಏಳನೇ ಮನೆಯ ನಿವೃತ್ತ ಗುಮಾಸ್ತರ ಮೇಲೆ ಇನ್ನೊಂದು ಕಣ್ಣು, ಅವರ ಅಳಿಯ ಗೋದಾಮಿನ ಕಾವಲುಗಾರ. ಇಬ್ಬರ ಮನೆಯಲ್ಲೂ ಸಿಕ್ಕಿದ್ದು ಸೊನ್ನೆ. ಒಂದು ದಿನದೊಳಗೆ ಏನೂ ಸಿಗದಿದ್ದರೆ ಗಾಜಿನವನ ಗತಿ ಏನು ಎಂದು ಯೋಚಿಸುತ್ತಾ ಕೂತಿದ್ದಾಗ ಅವಳು ಬಾಟಲಿ ತಂದಳು.

ಬಾಟಲಿಗೆ ಹೂವಿನ ಬಟ್ಟೆಯ ದಪ್ಪ ಕವರು. ಕವರಿನ ಒಂದು ಪಕ್ಕದಲ್ಲಿ ಚೌಕಾಕಾರದ ಸಣ್ಣ ಕಿಟಕಿ, ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್. ಮೂರು ದಿನದಿಂದ ಅದು ನನ್ನ ಕಣ್ಣೆದುರೇ ಓಡಾಡಿತ್ತು.

“ಹಾಲಿನ ಬಾಟಲಿಗೆ ಕಿಟಕಿ ಯಾಕಮ್ಮ?”

“ಇದು ಬಾಟಲಿದಲ್ಲ ಅಕ್ಕ,” ಎಂದಳು ಸ್ವಲ್ಪ ನಾಚಿಕೊಂಡು. “ಟೈಲರಜ್ಜಿ ಮೀಟರಿಗೆ ಅಂತ ಹೊಲಿದು ಕೊಟ್ಟಿದ್ದು. ಎಲ್ಲಾ ಮನೆಗೂ ಕೊಟ್ಟಿದ್ದಾರೆ. ನಾನು ಹಾಕಿ ನೋಡಿದ್ರೆ ಬಾಟಲಿಗೆ ಸರಿಯಾಗಿ ಕೂತ್ಕೊಂತು. ಹಾಲು ಎರಡು ಗಂಟೆ ಬೆಚ್ಚಗಿರುತ್ತೆ. ಅಜ್ಜಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ.”

ಬಾಟಲಿಯಿಂದ ಕವರು ಬಿಚ್ಚಿ ಒಳಗೆ ಬೆರಳು ಹಾಕಿದೆ. ಹೊರಗೆ ಬಟ್ಟೆ, ನಡುವೆ ಹತ್ತಿ, ಒಳಗೆ ಮಕ್ಕಳ ಕೆಳಗೆ ಹಾಸುವ ರಬ್ಬರ್ ಶೀಟು. ಎದ್ದುಹೋಗಿ ಅದನ್ನು ಗೋಡೆಯ ಮೀಟರಿಗೆ ತೊಡಿಸಿದೆ. ಅಳತೆ ತೆಗೆದು ಹೊಲಿದ ಅಂಗಿಯಂತೆ ಬಿಗಿಯಾಗಿ ಕೂತಿತು. ಕಿಟಕಿಯ ನೇರಕ್ಕೆ ಪರದೆ. ತಲೆಯ ಮೇಲಿದ್ದ, ಸದ್ದು ಹಿಡಿಯುವ ಸಣ್ಣ ತೂತು ರಬ್ಬರಿನ ಅಡಿಗೆ ಹೋಗಿ ಮುಚ್ಚಿಕೊಂಡಿತು.

ಅರವತ್ತೊಂದು ಇದ್ದದ್ದು ಐವತ್ತೆರಡಾಯಿತು. ಆಮೇಲೆ ನಲವತ್ತಾರಕ್ಕೆ ಬಂದು ನಿಂತಿತು.

ಹನ್ನೊಂದು ಮನೆಯಲ್ಲೂ ಈ ಕವರನ್ನು ನಾನು ನೋಡಿದ್ದೆ. ನಾನೇ ತೆಗೆದು, ಸೀಲು ಪರೀಕ್ಷಿಸಿ, ಮತ್ತೆ ನಾನೇ ತೊಡಿಸಿ ಬಂದಿದ್ದೆ. ಆ ಓಣಿಯಲ್ಲಿ ಟಿವಿಗೆ ಕವರು, ಮಿಕ್ಸಿಗೆ ಕವರು, ರಿಮೋಟಿಗೆ ಕವರು. ಮೀಟರಿಗೂ ಒಂದು ಇದ್ದರೆ ಯಾರ ಕಣ್ಣಿಗೆ ಬೀಳುತ್ತದೆ? ಇಪ್ಪತ್ತೆಂಟು ವರ್ಷದ ಅನುಭವ ಎಂದು ಎದೆ ತಟ್ಟಿಕೊಳ್ಳುವ ನನ್ನ ಕಣ್ಣಿಗಂತೂ ಬಿದ್ದಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

“ಹಾಗಾದ್ರೆ ಇವರು ಬರೆದದ್ದು…”

“ನಿಜ ಕಣಮ್ಮ. ದಿನಾ ನಿಜಾನೇ ಬರೆದಿದ್ದಾನೆ. ತಪ್ಪಿರೋದು ಆ ಹನ್ನೊಂದು.”

ಅವಳು ನೆಲದ ಮೇಲೆ ಕೂತಳು. ಮಗು ಬಾಟಲಿಗೆ ಕೈ ಚಾಚುತ್ತಿದ್ದುದೂ ಅವಳಿಗೆ ಗೊತ್ತಾಗಲಿಲ್ಲ.

“ಒಂದಿನ ನಾನೂ ಬಾಗಿಲ ಸಂದೀಲಿ ನಿಂತು ನೋಡಿದ್ದೆ ಅಕ್ಕ,” ಎಂದಳು. “ನಾಲ್ಕು ಗಂಟೆಗೆ ಮಿಷನ್ ಓಡಿಸ್ತಾರಾ ಅಂತ. ಕಟ್ಟಿಕೊಂಡವಳೇ ಕದ್ದು ನೋಡಿದ್ದೀನಿ. ಅವರಿಗೆ ಗೊತ್ತಿಲ್ಲ.”

ಆ ಮಾತು ಹೇಳುವಾಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಬಾಟಲಿ ತೆಗೆದುಕೊಂಡು ಮಗುವಿನ ಬಾಯಿಗಿಟ್ಟೆ.

ಟೈಲರಜ್ಜಿಯ ಮನೆ ಓಣಿಯ ಮೊದಲನೆಯದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಅದರ ಸುತ್ತ ಬಟ್ಟೆಯ ತುಂಡುಗಳ ಗುಡ್ಡೆ. ಅಜ್ಜಿ ಕೂತಿದ್ದ ಸ್ಟೂಲಿಗೂ ಕವರಿತ್ತು, ಊರುಗೋಲಿನ ಹಿಡಿಗೂ ಇತ್ತು.

ಮೀಟರಿನ ಕವರಿನ ಮಾತೆತ್ತಿದೊಡನೆ ಅಜ್ಜಿಯ ಮುಖ ಅರಳಿತು. ಮೀಟರು ಹಾಕಲು ಬಂದವನು ಒಳಗೆ ಧೂಳು ಹೋಗಬಾರದು, ತೇವ ತಾಗಬಾರದು ಎಂದು ಹನ್ನೆರಡು ಮನೆಯಲ್ಲೂ ಹೇಳಿದ್ದನಂತೆ. ಅಡುಗೆಮನೆ ಅಂದಮೇಲೆ ಒಗ್ಗರಣೆ ಹೊಗೆ, ಆವಿ, ಜಿಡ್ಡು ಇರುವುದೇ. ಅವರಿವರ ವಸ್ತು ನಮ್ಮ ಮನೆಯಲ್ಲಿ ಹಾಳಾದರೆ ಓಣಿಯ ಮರ್ಯಾದೆ ಏನಾಗಬೇಕು? ಅಜ್ಜಿ ದಾರ ಹಿಡಿದು ಅಳತೆ ತೆಗೆದು, ಒಂದೇ ವಾರದಲ್ಲಿ ಹನ್ನೆರಡನ್ನೂ ಹೊಲಿದಿದ್ದರು. ರಬ್ಬರ್ ಹಾಕುವುದು ಅವರದೇ ಯೋಚನೆ. ಕಿಟಕಿಯೂ ಅವರದೇ. ಅದನ್ನು ಹೇಳುವಾಗ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಇಷ್ಟು ಅಕ್ಕರೆಯಿಂದ ಮಾಡಿದ ಕೆಲಸದಿಂದ ಒಬ್ಬ ಮನುಷ್ಯ ಲಾಕಪ್ಪಿನಲ್ಲಿದ್ದಾನೆ ಎಂದು ಹೇಗೆ ಹೇಳುವುದು? ಆದರೂ ಹೇಳಿದೆ. ಅಜ್ಜಿಯನ್ನು ಕೈಹಿಡಿದು ಅವರ ಅಡುಗೆಮನೆಗೇ ಕರೆದೊಯ್ದು, ಕವರು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಸಂಖ್ಯೆ ಏರಿತು, ಇಳಿಯಿತು, ಏರಿತು.

ಅಜ್ಜಿ ಮೊದಲು ಮೀಟರಿಗೆ ಬೈದರು. ಆಮೇಲೆ ಅದನ್ನು ಹಾಕಿದವನಿಗೆ ಬೈದರು. ಆಮೇಲೆ ಕವರನ್ನು ನನ್ನ ಕೈಯಿಂದ ತೆಗೆದುಕೊಂಡರು.

“ನಮ್ಮವರ ಫೋಟೋಗೆ ಗಾಜು ಹಾಕಿಕೊಟ್ಟವನು ಅವನು,” ಎಂದರು ಕೊನೆಗೆ. “ನಾನು ಅವನನ್ನ ಕಳ್ಳ ಅಂದೆ. ಈ ಬಾಯಿಂದಾನೇ ಅಂದೆ. ಮೀಟರಮ್ಮ, ನನ್ನ ಕೋರ್ಟಿಗೆ ಕರ್ಕೊಂಡು ಹೋಗು. ಯಾವ ಜಡ್ಜ್ ಮುಂದೆ ಬೇಕಾದ್ರೂ ನಿಂತ್ಕೋತೀನಿ.”

ಅಜ್ಜಿಯ ಮಾತೊಂದೇ ಸಾಲದು, ಕೋರ್ಟಿಗೆ ಕಣ್ಣಾರೆ ಕಂಡವರು ಬೇಕು. ಅಲ್ಲಿಂದಲೇ ಗಾಜಿನವನ ವಕೀಲರಿಗೆ ಫೋನು ಹಚ್ಚಿದೆ. ಅವರು ಅರ್ಧ ಗಂಟೆಯಲ್ಲಿ ತಿರುಗಿ ಫೋನು ಮಾಡಿದರು. ಕೋರ್ಟಿನ ಪರವಾಗಿ ಸ್ಥಳಕ್ಕೆ ಬಂದು ಕಂಡದ್ದನ್ನು ಬರೆದುಕೊಳ್ಳುವ ಅಮೀನರು ನಾಲ್ಕಕ್ಕೆ ಸರಿಯಾಗಿ ಬರುತ್ತಾರೆ. ಅವರ ಕಣ್ಣೆದುರು ಹನ್ನೆರಡೂ ಮನೆಯ ಮೀಟರು ಬರಿದಾಗಿ ನಿಲ್ಲಬೇಕು, ಹನ್ನೆರಡೂ ಅರವತ್ತು ದಾಟಬೇಕು. ಅಷ್ಟಾದರೆ ಗಾಜಿನವನು ನಾಳೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ.

ಹೊರಡುವಾಗ ಅಜ್ಜಿ ನನ್ನ ಸೆರಗು ಹಿಡಿದರು.

“ಆ ಹುಡುಗಿಗೆ ಇದು ಗೊತ್ತಿರಲಿಲ್ವಾ? ಕಂಪನಿ ಹುಡುಗಿಗೆ? ಕವರು ನೋಡಿ ಎಷ್ಟು ಚೆನ್ನಾಗಿದೆ ಅಜ್ಜಿ ಅಂದಳಲ್ಲ. ಫೋಟೋನೂ ತೆಗೆದಳು.”

ನನ್ನ ಕಿವಿ ನೆಟ್ಟಗಾಯಿತು.

ಓಣಿಯ ತುದಿಯಲ್ಲಿ ಕಂಪನಿಯವರು ನೆರೆಹೊರೆ ಕೇಂದ್ರ ಎಂದು ಒಂದು ಕೋಣೆ ಮಾಡಿದ್ದಾರೆ. ಹಳದಿ ಗೋಡೆ, ಮೆತ್ತನೆಯ ಕುರ್ಚಿಗಳು, ಮಕ್ಕಳಿಗೆ ಬಣ್ಣದ ಪೆನ್ಸಿಲ್ಲು, ಬಂದವರಿಗೆಲ್ಲ ಚಹಾ. ಕಿಟಕಿಗೆ ಎರಡು ಪದರದ ಗಾಜು, ಹಾಗಾಗಿ ಇಡೀ ಓಣಿಯಲ್ಲಿ ಫ್ಯಾನಿನ ಸದ್ದು ಕೇಳದ ಜಾಗ ಅದೊಂದೇ. ಆ ಗಾಜು ಕೂರಿಸಿದವನು ನಮ್ಮ ಗಾಜಿನವನು.

ಅಲ್ಲಿ ಕೂರುವವಳು ಸಂಪರ್ಕಾಧಿಕಾರಿ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಅವಳನ್ನು ಕೆಟ್ಟವಳೆಂದು ಬರೆದರೆ ನನಗೆ ಕೆಲಸ ಹಗುರವಾಗುತ್ತಿತ್ತು. ಆದರೆ ಓಣಿಯ ಪ್ರತಿ ಮಗುವಿನ ಹೆಸರೂ ಹುಟ್ಟಿದ ದಿನವೂ ಅವಳಿಗೆ ಬಾಯಿಪಾಠ. ಗುಮಾಸ್ತರಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ಮನೆಮಗಳೆಂದೇ ಎಲ್ಲರೂ ಅವಳನ್ನು ಒಳಗೆ ಬಿಟ್ಟುಕೊಂಡಿದ್ದರು.

ಅವಳ ಹಿಂದಿನ ಗೋಡೆಯ ತುಂಬ ಒಂದು ದೊಡ್ಡ ಚಿತ್ರ. ಟೈಲರಜ್ಜಿ ಬಾಯಿ ತುಂಬ ನಗುತ್ತಾ, ಎರಡು ಕೈಯಲ್ಲಿ ಹೂವಿನ ಬಟ್ಟೆಯ ಕವರು ಹಿಡಿದು ನಿಂತಿದ್ದಾರೆ. ಕೆಳಗೆ ದಪ್ಪ ಅಕ್ಷರಗಳಲ್ಲಿ, “ನಮ್ಮ ನೆರೆಹೊರೆಯವರು ನಮ್ಮ ಯಂತ್ರಗಳನ್ನು ತಮ್ಮವೆಂದು ಕಾಪಾಡುತ್ತಾರೆ.”

“ಬನ್ನಿ ಆಂಟಿ, ಚಹಾ ಕುಡೀತೀರಾ?”

“ಬೇಡ. ಮೊದಲನೇ ವಾರ ಈ ಮನೆಗಳ ಪುಸ್ತಕದಲ್ಲಿ ಎಷ್ಟಿತ್ತು?”

“ಅದೆಲ್ಲ ಪುಸ್ತಕದಲ್ಲೇ ಇದೆಯಲ್ಲ ಆಂಟಿ.”

“ಇಲ್ಲ. ಮೊದಲನೇ ವಾರದ ಪುಸ್ತಕ ನೀವು ವಾಪಸ್ ತಗೊಂಡು ಹೊಸದು ಕೊಟ್ರಿ. ಅದು ಬರೀ ಅಭ್ಯಾಸಕ್ಕೆ ಅಂತ ಹೇಳಿದ್ರಿ. ಕ್ಷೌರದವನು ಹೇಳಿದ. ಆ ಅಭ್ಯಾಸದ ವಾರ ಎಷ್ಟಿತ್ತು?”

ಅವಳು ಚಹಾದ ಲೋಟವನ್ನು ಎತ್ತಿ, ಕುಡಿಯದೆ, ಮತ್ತೆ ಇಟ್ಟಳು.

“ನೀನೇ ಹೇಳ್ತೀಯೋ, ನಾನು ಹೇಳ್ಲೋ? ಅರವತ್ತರ ಮೇಲೆ. ಹನ್ನೆರಡು ಮನೆಯಲ್ಲೂ. ಎರಡನೇ ವಾರ ಅಜ್ಜಿ ಕವರು ಹಂಚಿದರು. ಹನ್ನೊಂದು ಮನೆಯಲ್ಲಿ ಸಂಖ್ಯೆ ಧೊಪ್ಪನೆ ಬಿತ್ತು. ನೀನು ಅಜ್ಜಿ ಕೈಗೆ ಕವರು ಕೊಟ್ಟು ಫೋಟೋ ತೆಗೆದೆ.”

“ಫೋಟೋ ತೆಗೆದಾಗ ನನಗೆ ಗೊತ್ತಿರಲಿಲ್ಲ,” ಎಂದಳು. ಆಂಟಿ ಎಂಬುದು ಮಾತಿನಿಂದ ಬಿದ್ದುಹೋಗಿತ್ತು. “ಆಮೇಲೆ ಗೊತ್ತಾಯ್ತು. ಗೊತ್ತಾದ ದಿನವೇ ಮೇಲಿನವರಿಗೆ ಬರೆದೆ. ಕವರಿನಿಂದ ಅಳತೆ ತಪ್ಪಾಗ್ತಿದೆ, ತೆಗೆಸಬೇಕು ಅಂತ.”

“ಏನಂದರು?”

ಅವಳು ಫೋನು ತೆಗೆದು ಹುಡುಕಿ ನನ್ನ ಮುಂದೆ ಹಿಡಿದಳು. ಎರಡೇ ಸಾಲು. ಸಮುದಾಯದ ರೂಢಿಗಳನ್ನು ಕಂಪನಿ ಗೌರವಿಸುತ್ತದೆ. ಅವುಗಳಲ್ಲಿ ನಮ್ಮ ಸಿಬ್ಬಂದಿ ಯಾವ ಕಾರಣಕ್ಕೂ ಕೈ ಹಾಕಬಾರದು.

ಎರಡು ಸಲ ಓದಿದೆ. ಮೈ ಉರಿದುಹೋಯಿತು. ಜನರ ಕಿವಿ ಕಿತ್ತು ಹೋಗುವ ಸದ್ದು ಮಾಡುವಾಗ ಇಲ್ಲದ ಗೌರವ ಒಂದು ತುಂಡು ಬಟ್ಟೆಯ ಮೇಲೆ ಉಕ್ಕಿಬಂದಿತ್ತು.

“ಇದನ್ನ ನನಗೆ ಕಳಿಸು.”

“ಕೆಲಸ ಹೋಗುತ್ತೆ.”

“ಅವನು ಲಾಕಪ್ಪಲ್ಲಿ ಇದ್ದಾನೆ ಕಣೇ. ಅವನ ಮಗು ಹುಟ್ಟಿದಾಗ ಕಂಪನಿ ಕಡೆಯಿಂದ ಟೋಪಿ ತಂದುಕೊಟ್ಟವಳು ನೀನು. ಅವನು ಸುಳ್ಳು ಬರೆದಿಲ್ಲ ಅಂತ ಮೇಲಿನವರಿಗೆ ಬರೆದ ದಿನದಿಂದ ನಿನಗೆ ಗೊತ್ತು. ಪೊಲೀಸರು ಬಂದಾಗ ಎಲ್ಲಿದ್ದೆ?”

ಅವಳ ಕಣ್ಣು ಒದ್ದೆಯಾದವು. ನಾನು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಆದರೆ ಸಿಟ್ಟು ನೆತ್ತಿಗೇರಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ಇದು ನನ್ನ ಹಳೆಯ ರೋಗ.

“ಕೊಡದಿದ್ರೆ ಬಿಡು. ಇವತ್ತು ನಾಲ್ಕಕ್ಕೆ ಕೋರ್ಟಿನ ಅಮೀನರು ಬರ್ತಾರೆ. ಹನ್ನೊಂದೂ ಕವರು ಕಿತ್ತು ತೋರಿಸ್ತೀನಿ. ಮನುಷ್ಯತ್ವ ಅನ್ನೋದು ಇದ್ರೆ ಬಂದು ಪಕ್ಕದಲ್ಲಿ ನಿಂತ್ಕೋ.”

“ನಾಲ್ಕಕ್ಕಾ?” ಎಂದಳು ಮೆಲ್ಲಗೆ. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಅಜ್ಜಿಯನ್ನು ನೋಡಿದಳು. “ಬರ್ತೀನಿ. ಕಾಗದಾನೂ ಆಗಲೇ ಕೊಡ್ತೀನಿ.”

ಬರುತ್ತಾಳೆಂದು ನನಗೆ ನಂಬಿಕೆ ಬಂತು. ಅವಳ ದನಿ ಅಂಥದ್ದಿತ್ತು.

ಮೂರೂವರೆಗೆ ಓಣಿ ಸಜ್ಜಾಗಿ ನಿಂತಿತ್ತು. ಟೈಲರಜ್ಜಿ ಊರುಗೋಲು ಹಿಡಿದು ಮನೆಮನೆಗೂ ತಾವೇ ಹೋಗಿ ವಿಷಯ ಹೇಳಿದ್ದರು. ತಮ್ಮದೇ ತಪ್ಪೆಂದು ಹನ್ನೊಂದು ಬಾಗಿಲಲ್ಲಿ ಹನ್ನೊಂದು ಸಲ ಹೇಳಿಕೊಂಡರು. ಕ್ಷೌರದವನು ಕೇಳಿದ ಮೇಲೆ ಅಂಗಡಿ ಮುಚ್ಚಿ ಬಂದು ಗಾಜಿನವನ ಹೆಂಡತಿಯ ಬಾಗಿಲಲ್ಲಿ ನಿಂತ. ತಲೆ ತಗ್ಗಿಸಿದ್ದ. ಅವಳು ಒಳಗೆ ಕರೆದು ನೀರು ಕೊಟ್ಟಳು.

ಅಮೀನರು ಮೂರೂ ಮುಕ್ಕಾಲಿಗೇ ಬಂದರು. ತೆಳ್ಳನೆಯ, ನೆರೆತ ಮೀಸೆಯ ಮನುಷ್ಯ. ಕಂಕುಳಲ್ಲಿ ಫೈಲು. ಬಂದವರೇ ಕಿವಿಗೆ ಕೈ ಇಟ್ಟುಕೊಂಡು, ಇದರಲ್ಲಿ ಹೇಗೆ ಬದುಕುತ್ತೀರಿ ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನೂ ಬರೆದುಕೊಳ್ಳಿ ಎಂದೆ. ಕಿವಿಗೆ ಕೇಳಿದ್ದನ್ನು ಬರೆಯುವ ಹಾಗಿಲ್ಲ, ಮೀಟರಿನ ಸಂಖ್ಯೆ ಮಾತ್ರ, ಅದೂ ಪುಸ್ತಕದ ನಿಯಮದಂತೆ ನಾಲ್ಕಕ್ಕೆ ಮಾತ್ರ ಎಂದರು. ಹತ್ತು ಹದಿನೈದು ನಿಮಿಷ ತಾನೇ ಎಂದು ನಾನೂ ಒಪ್ಪಿಕೊಂಡೆ.

ನಾಲ್ಕಕ್ಕೆ ಇನ್ನೂ ಆರು ನಿಮಿಷವಿತ್ತು. ಹನ್ನೆರಡನೇ ಮನೆಯ ಅಡುಗೆಮನೆಯಲ್ಲಿ ನಾನು, ಅಮೀನರು, ಗಾಜಿನವನ ಹೆಂಡತಿ, ಅವಳ ಹೆಗಲ ಮೇಲೆ ಚೀರುತ್ತಿದ್ದ ಮಗು. ಮೀಟರು ಅರವತ್ತೆರಡು ತೋರಿಸುತ್ತಿತ್ತು.

ಆಗ ಫ್ಯಾನುಗಳು ನಿಂತವು.

ಒಮ್ಮೆಲೇ ಅಲ್ಲ. ಮೊದಲು ಸದ್ದಿನ ದಪ್ಪ ತೆಳ್ಳಗಾಯಿತು, ಆಮೇಲೆ ಎಳೆದ ಶಿಳ್ಳೆಯಂತಾಯಿತು, ಆಮೇಲೆ ಅದೂ ಇಲ್ಲವಾಯಿತು. ನನ್ನ ಕಿವಿ ಕೆಟ್ಟಿತೇ ಎಂದುಕೊಂಡೆ. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಗೋಡೆಯ ಗಡಿಯಾರಕ್ಕೆ ಸದ್ದಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಬಾಗಿಲುಗಳು ತೆರೆದವು. ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಓಣಿಯವರು ಮೆತ್ತಗೆ ಮಾತಾಡಿದರು. ಯಾರೋ ನಕ್ಕರು. ಗುಮಾಸ್ತರು ರಸ್ತೆಯ ನಡುವೆ ನಿಂತು ಮುಖ ಮೇಲೆತ್ತಿ ಕಣ್ಣು ಮುಚ್ಚಿದ್ದರು. ನಿಲ್ಲಿಸಿಬಿಟ್ಟರು, ಹೆದರಿ ನಿಲ್ಲಿಸಿಬಿಟ್ಟರು ಎಂದು ಕ್ಷೌರದವನು ಹೇಳುತ್ತಿದ್ದ.

ಚೀರುತ್ತಿದ್ದ ಮಗು ಸುಮ್ಮನಾಯಿತು. ಎರಡು ಸಲ ಬಿಕ್ಕಿ, ತಾಯಿಯ ಕುತ್ತಿಗೆಗೆ ಮೂಗು ಒತ್ತಿ ನಿದ್ದೆಹೋಯಿತು.

ನಾನು ಮೀಟರು ನೋಡಿದೆ. ಮೂವತ್ತೆಂಟು.

“ನಾಲ್ಕಾಯ್ತು,” ಎಂದರು ಅಮೀನರು.

ಅವರು ಹನ್ನೆರಡು ಮನೆಗೂ ಹೋದರು. ಪ್ರತಿ ಮನೆಯಲ್ಲೂ ಕವರು ಹಾಕಿದಾಗೊಮ್ಮೆ, ತೆಗೆದಾಗೊಮ್ಮೆ ನೋಡಿ ಬರೆದುಕೊಂಡರು. ಹಾಕಿದಾಗ ಮೂವತ್ತೈದು, ತೆಗೆದಾಗ ಮೂವತ್ತೆಂಟು. ಅಜ್ಜಿ ಅವರ ಹಿಂದೆಯೇ ನಡೆಯುತ್ತಾ, ಬೆಳಗ್ಗೆ ಹೀಗಿರಲಿಲ್ಲ ಸ್ವಾಮಿ, ಬೆಳಗ್ಗೆ ಹೀಗಿರಲಿಲ್ಲ ಎನ್ನುತ್ತಿದ್ದರು. ಅಮೀನರು ಒಳ್ಳೆಯ ಮನುಷ್ಯರೇ. ನಿಂತು ಕೇಳಿದರು. ಆದರೆ ಫೈಲಿನಲ್ಲಿ ಅವರು ಬರೆದದ್ದು ಕವರಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು. ಕಂಡದ್ದನ್ನೇ ಬರೆಯಬೇಕಲ್ಲವೇ ಎಂದರು, ನನ್ನ ಮುಖ ನೋಡದೆ.

ಸಂಪರ್ಕದ ಹುಡುಗಿ ಓಡಿಬಂದಳು. ಏದುಸಿರು. ಕುತ್ತಿಗೆಯಲ್ಲಿ ಸದಾ ತೂಗುತ್ತಿದ್ದ ಕಂಪನಿಯ ಕಾರ್ಡು ಇರಲಿಲ್ಲ.

“ನಾನು ಯಾರಿಗೂ ಹೇಳಿಲ್ಲ ಆಂಟಿ. ನಾಲ್ಕಕ್ಕೆ ಓಣಿಗೆ ಹೋಗಬೇಕು, ಒಂದು ಗಂಟೆ ರಜೆ ಕೊಡಿ ಅಂತ ಕೇಳಿದೆ ಅಷ್ಟೇ.”

ರಜೆ ಕೇಳಿದ್ದಳು. ಕಂಪನಿಯ ವಿರುದ್ಧ ಸಾಕ್ಷಿ ಹೇಳಲು ಕಂಪನಿಯಿಂದಲೇ ರಜೆ ಕೇಳಿದ್ದಳು. ಫ್ಯಾನು ನಿಲ್ಲಿಸಲು ಅವರಿಗೆ ಅಷ್ಟು ಸುಳಿವು ಸಾಕಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ನಾಲ್ಕು ಗಂಟೆಯೆಂದು ಅವಳಿಗೆ ಬಾಯಿಬಿಟ್ಟವಳು ನಾನೇ. ಆ ತಪ್ಪನ್ನು ಯಾರ ತಲೆಗೂ ಕಟ್ಟುವಂತಿರಲಿಲ್ಲ.

“ಆ ಕಾಗದ?”

ಅವಳು ಫೋನು ತೋರಿಸಿದಳು. ಕಂಪನಿಯ ಪತ್ರಗಳಿದ್ದ ಜಾಗದಲ್ಲಿ ಬಿಳಿ ಪರದೆ, ನಿಮಗೆ ಪ್ರವೇಶವಿಲ್ಲ ಎಂಬ ಒಂದು ಸಾಲು.

ಅಮೀನರ ಜೊತೆ ಹನ್ನೆರಡನೇ ಮನೆಯ ಅಡುಗೆಮನೆಗೆ ತಿರುಗಿ ಬಂದಾಗ ನನ್ನ ತಲೆ ಓಡುತ್ತಲೇ ಇತ್ತು. ನಲವತ್ತು ಫ್ಯಾನು ನಿಂತರೆ ಒಳಗಿನ ಬಿಸಿ ಎಲ್ಲಿಗೆ ಹೋಗಬೇಕು? ಆ ಕಂಪ್ಯೂಟರುಗಳು ಎಷ್ಟು ಹೊತ್ತು ತಡೆಯುತ್ತವೆ? ಗೋದಾಮಿಗೂ ಒಂದು ಕರೆಂಟಿನ ಮೀಟರು ಇರಲೇಬೇಕು, ಅದು ಎಲ್ಲಿದೆ, ಅದನ್ನು ಓದುವವರು ಯಾರು? ಇಷ್ಟು ಸುಲಭವಾಗಿ ಬಿಟ್ಟುಕೊಡುವವಳಾಗಿದ್ದರೆ ನಾನು ಇಪ್ಪತ್ತೆಂಟು ವರ್ಷ ನಾಯಿಗಳಿಂದ ಓಡುತ್ತಿರಲಿಲ್ಲ.

ಗಾಜಿನವನ ಹೆಂಡತಿ ಮೇಜಿನ ಮುಂದೆ ಕೂತಿದ್ದಳು. ಹೆಗಲ ಮೇಲೆ ಮಗು, ಮುಂದೆ ಪುಸ್ತಕ, ಕೈಯಲ್ಲಿ ಪೆನ್ನು. ಗಂಡ ಮನೆಯಲ್ಲಿಲ್ಲದ ಮೊದಲ ದಿನ, ಸಂಖ್ಯೆ ಅವಳೇ ಬರೆಯಬೇಕಿತ್ತು. ಮೂವತ್ತೆಂಟು ಎಂದು ಬರೆದರೆ ಅವನು ಲಾಕಪ್ಪಿಗೆ ಹೋದೊಡನೆ ಮನೆಯ ಸದ್ದು ಇಳಿಯಿತೆಂದು ಹೆಂಡತಿಯೇ ಬರೆದುಕೊಟ್ಟಂತೆ.

“ಇವತ್ತು ಬರೀಬೇಡ,” ಎಂದೆ. “ಒಂದು ದಿನ ಖಾಲಿ ಬಿಟ್ರೆ ಪ್ರಪಂಚ ಮುಳುಗಲ್ಲ.”

ಅವಳು ಮೀಟರು ನೋಡಿದಳು. ಆಮೇಲೆ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದಳು. ಎಲ್ಲ ಗಂಡನ ಕೈಬರಹ.

“ಅವರು ಒಂದಿನಾನೂ ಬಿಟ್ಟಿಲ್ಲ. ಒಂದಿನಾನೂ ಸುಳ್ಳು ಬರೆದಿಲ್ಲ,” ಎಂದಳು. “ನಾನು ಇವತ್ತು ಬಿಟ್ರೆ ಅವರು ಬರೆದದ್ದೂ ಸುಳ್ಳಾಗುತ್ತೆ.”

ಮೂವತ್ತೆಂಟು ಎಂದು ಬರೆದಳು. ಅಕ್ಷರ ದುಂಡಗಿತ್ತು. ಕೆಳಗೆ ಸಹಿ ಹಾಕಿ ಪುಸ್ತಕವನ್ನು ಅಮೀನರ ಮುಂದೆ ಸರಿಸಿದಳು. ಅವರು ತಮ್ಮ ಸಹಿಯನ್ನೂ ಹಾಕಿ, ಫೈಲಿನೊಳಗಿಟ್ಟು, ಬಾಗಿಲು ದಾಟಿ ಹೋದರು.

ಮಗು ಗಾಢ ನಿದ್ದೆಯಲ್ಲಿತ್ತು. ಅವಳು ಅದರ ಬೆನ್ನು ಸವರುತ್ತಾ, ಎಚ್ಚರವಾಗದಂತೆ ದನಿ ತಗ್ಗಿಸಿ ನನ್ನ ಕಡೆ ತಿರುಗಿದಳು.

“ನಾಳೆ ಹನ್ನೊಂದಕ್ಕೆ ಅದನ್ನ ಓದ್ತಾರೆ. ಅಷ್ಟರೊಳಗೆ ಆ ಸದ್ದನ್ನ ವಾಪಸ್ ತನ್ನಿ ಅಕ್ಕ.”